ಛತ್ರದ ಚಾಪೆ

ಕಾರಿನ ಬಾಗಿಲು ತೆರೆದ ಕೂಡಲೇ ನಮ್ಮ ಅಮ್ಮ ಸೆರಗನ್ನು ಮೂಗಿಗೆ ಹಿಡಿದುಕೊಂಡಳು. ಒಳಗೆ ಒಮ್ಮೆ ಇಣುಕಿದಳು. ಹಿಂದಿನ ಸೀಟನ್ನು ಎರಡು ಬೆರಳಿನಿಂದ ಮುಟ್ಟಿ, ಆ ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ ನೋಡಿ, "ಇದು ಛತ್ರದ ಚಾಪೆ ಕಣೋ" ಅಂದಳು.

ಛತ್ರದ ಚಾಪೆಯ ಮೇಲೆ ಒಂದು ರಾತ್ರಿಯಾದರೂ ಮಲಗಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಈಗಿನ ಕಲ್ಯಾಣ ಮಂಟಪಗಳಲ್ಲಿ ಮಂಚ ಹಾಸಿಗೆ ಕಂಡವರಿಗಾಗಿ ಹೇಳುತ್ತೇನೆ. ಹಳೆಯ ಮದುವೆ ಛತ್ರಗಳಲ್ಲಿ ಉಗ್ರಾಣದ ಪಕ್ಕದ ಕೋಣೆಯಲ್ಲಿ ಒಂದು ರಾಶಿ ಚಾಪೆ ಸುತ್ತಿ ನಿಲ್ಲಿಸಿರುತ್ತಿದ್ದರು. ವರಪೂಜೆಯ ರಾತ್ರಿ ಬೀಗರ ಕಡೆಯವರು ತಲೆಗೊಂದು ಎಳೆದುಕೊಂಡು ಮಲಗುತ್ತಿದ್ದರು. ಮಲಗಿದವರು ಅದನ್ನು ಕೊಡವುತ್ತಿರಲಿಲ್ಲ, ಅವರು ಮಾರನೆಯ ದಿನ ಊಟ ಮಾಡಿ ಹೊರಡುವವರು. ಛತ್ರದವರು ಕೊಡವುತ್ತಿರಲಿಲ್ಲ, ಅವರೇನು ಅದರ ಮೇಲೆ ಮಲಗುವವರೇ? ಹೀಗೆ ಹತ್ತು ಮದುವೆಯ ಎಣ್ಣೆ, ಬೆವರು, ಲಡ್ಡುವಿನ ಚೂರು ಎಲ್ಲವೂ ಆ ಹೆಣಿಗೆಯೊಳಗೆ ಕ್ಷೇಮವಾಗಿ ಸೇರಿಕೊಂಡಿರುತ್ತಿತ್ತು.

ನಾವು ಹೊರಟಿದ್ದು ಬೆಂಗಳೂರಿನಿಂದ ಹೆಬ್ರಿಗೆ. ಅಲ್ಲಿ ನನ್ನ ಚಿಕ್ಕಮ್ಮ, ಅಂದರೆ ಅಮ್ಮನ ಕೊನೆಯ ತಂಗಿ, ಸೊಂಟ ಮುರಿದುಕೊಂಡು ಮಲಗಿ ಎರಡು ತಿಂಗಳಾಗಿತ್ತು. ಅಮ್ಮನಿಗೆ ಎಂಬತ್ತೊಂದು. "ಅವಳು ಎದ್ದು ಬರೋ ಹಾಗಿಲ್ಲ, ನಾನು ಕೂತು ಹೋಗೋ ಹಾಗಾದ್ರೂ ಇದೀನಲ್ಲ" ಎಂದು ಒಂದೇ ಸಮನೆ ಹೇಳುತ್ತಿದ್ದಳು. ಬಸ್ಸಿನಲ್ಲಿ ರಾತ್ರಿಯಿಡೀ ಕೂರುವುದು ಅವಳ ಮಂಡಿಗೆ ಆಗದ ಮಾತು. ಪರಿಚಯದ ಟ್ಯಾಕ್ಸಿಯವರನ್ನು ಕರೆಯೋಣವೆಂದು ನಾನು ಫೋನು ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ಅಕ್ಕನ ಮಗ ಅಡ್ಡ ಬಂದ. "ಮಾಮಾ, ಡ್ರೈವರ್ ಯಾಕೆ? ಅವರಿಗೆ ಬಾಟಾ ಬೇರೆ, ರಾತ್ರಿ ಮಲಗೋಕೆ ಜಾಗ ಬೇರೆ. ಸೆಲ್ಫ್ ಡ್ರೈವ್ ತಗೊಳ್ಳೋಣ. ನಾನೇ ಓಡಿಸ್ತೀನಿ" ಎಂದು ಫೋನಿನಲ್ಲಿ ನಾಲ್ಕು ಸಲ ಬೆರಳು ಒತ್ತಿದ. ಕಾರು ಬುಕ್ ಆಯಿತು. ಫೋನಿನ ಚಿತ್ರದಲ್ಲಿ ಅದು ಆಗತಾನೇ ಎಣ್ಣೆಸ್ನಾನ ಮಾಡಿಸಿದ ಮಗುವಿನಂತೆ ಹೊಳೆಯುತ್ತಿತ್ತು.

ಅಸಲು ಕಾರು ಸಿಕ್ಕಿದ್ದು ವರ್ತುಲ ರಸ್ತೆಯ ಪಕ್ಕದ ಒಂದು ಖಾಲಿ ನಿವೇಶನದಲ್ಲಿ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ನಂಬರು. ಓದುಗರಿಗೆ ಗೊತ್ತಿರಬಹುದು: ಬಿಳಿ ಫಲಕವಿದ್ದರೆ ಸ್ವಂತದ ಕಾರು, ಹಳದಿ ಫಲಕದಲ್ಲಿ ಕಪ್ಪು ಅಕ್ಷರವಿದ್ದರೆ ಟ್ಯಾಕ್ಸಿ, ಇದರ ತಿರುಗುಮುರುಗು ಇದ್ದರೆ ನಾವೇ ಓಡಿಸಿಕೊಂಡು ಹೋಗುವ ಬಾಡಿಗೆ ಕಾರು. ಕೀಲಿ ಕೊಡಲು ಹತ್ತೊಂಬತ್ತು ಇಪ್ಪತ್ತರ ಒಬ್ಬ ಹುಡುಗನಿದ್ದ. "ಹೋದ ಟ್ರಿಪ್ಪಿನವರು ಲೇಟಾಗಿ ತಂದುಬಿಟ್ರು ಸಾರ್, ತೊಳೆಯೋಕೆ ಟೈಮ್ ಆಗ್ಲಿಲ್ಲ" ಎಂದ. ಹೋದ ಟ್ರಿಪ್ಪಿನವರು ಒಬ್ಬರೇ ಅಷ್ಟನ್ನೆಲ್ಲ ಮಾಡಿರಲಾರರು. ನೆಲದ ಹಾಸಿನ ತುಂಬ ಸಮುದ್ರದ ಮರಳಿತ್ತು. ಸೀಟಿನ ಹಿಂದಿನ ಚೀಲದಲ್ಲಿ ಧರ್ಮಸ್ಥಳದ ಕುಂಕುಮದ ಪೊಟ್ಟಣ, ಅದಕ್ಕೆ ಅಂಟಿಕೊಂಡು ನಂದಿಬೆಟ್ಟದ ಪಾರ್ಕಿಂಗ್ ಚೀಟಿ, ಅದರಡಿಗೆ ಬಿಯರ್ ಬಾಟಲಿಯ ಮುಚ್ಚಳ. ಭಕ್ತಿ ಮುಕ್ತಿಗಳಿಗೆ ಒಂದೇ ವಾಹನ. ಸೀಟಿನ ಸಂದಿಯಲ್ಲಿ ಕೈ ಹಾಕಿದರೆ ಕಡಲೆಕಾಯಿ ಸಿಪ್ಪೆ, ಕೂದಲಿನ ಕ್ಲಿಪ್ಪು, ಹಳದಿ ಬಣ್ಣದ ಒಂದು ಪುಟ್ಟ ಕಾಲುಚೀಲ. ಹಿಂಬದಿ ಗಾಜಿನ ಒಳಮೈಯಲ್ಲಿ ಯಾವುದೋ ಮಗು ಬೆರಳಿನಿಂದ ಮನೆಯ ಚಿತ್ರ ಬರೆದಿತ್ತು. ಹೊಗೆ ಉಗುಳುವ ಕೊಳವೆಯೂ ಇತ್ತು. ಇವೆಲ್ಲದರ ಮೇಲೆ ಮುಂದಿನ ಕನ್ನಡಿಗೆ ನೇತುಹಾಕಿದ್ದ ಪರಿಮಳದ ಡಬ್ಬಿಯೊಂದು, ಮುಗಿದುಹೋಗಿ ಎಷ್ಟು ಕಾಲವಾಗಿತ್ತೋ, ಸುಮ್ಮನೆ ತೂಗುತ್ತಿತ್ತು.

ಅಮ್ಮ ಆ ಕಾಲುಚೀಲವನ್ನು ತೆಗೆದು ತನ್ನ ಕೈಚೀಲದೊಳಗೆ ಇಟ್ಟುಕೊಂಡಳು. ಯಾಕೆಂದು ಕೇಳಿದರೆ, "ಪಾಪ, ಯಾವ ಮಗುವೋ ಏನೋ, ಬಿಸಾಡೋದು ಹೇಗೆ?" ಅಂದಳು.

ಅಕ್ಕನ ಮಗ ಮಾತ್ರ ಬುದ್ಧಿವಂತ. ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ ಇಪ್ಪತ್ತಮೂರು ಫೋಟೋ ತೆಗೆದ. ಎಡ ಬಾಗಿಲಿನ ಗೀರು, ಬಂಪರಿನ ತರಚು, ಸೀಟಿನ ಕಲೆ, ಯಾವುದನ್ನೂ ಬಿಡಲಿಲ್ಲ. ನಾಳೆ ಇವನ್ನೆಲ್ಲ ನೀವೇ ಮಾಡಿದ್ದೆಂದು ಠೇವಣಿ ಹಿಡಿದುಕೊಂಡರೆ ಎಂಬ ಭಯ. ನಾನು ಅವನ ಹಿಂದೆ ನಿಂತು ಅವನಿಗೆ ಕಾಣದ ಗೀರುಗಳನ್ನು ತೋರಿಸಿಕೊಟ್ಟೆ. ನಾವು ಮೂವರೂ ಸೇರಿ ಅರ್ಧ ಗಂಟೆ ಆ ಕಾರನ್ನು ನೋಡಿದೆವು. ಟೈರಿನ ಕಡೆ ಒಬ್ಬರೂ ಬಗ್ಗಲಿಲ್ಲ. ಬಾನೆಟ್ ಎತ್ತಲಿಲ್ಲ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ, ದುಡ್ಡು ಕೊಟ್ಟು ತಂದದ್ದರ ಹಲ್ಲನ್ನಾದರೂ ಎಣಿಸಬಹುದಿತ್ತು. ನಾವು ಅದರ ಮೈಮೇಲಿನ ಸಗಣಿ ನೋಡಿ ಮೂಗು ಮುಚ್ಚಿಕೊಂಡೆವು, ಅಷ್ಟೆ.

ಹುಡುಗನಿಂದ ಒದ್ದೆ ಬಟ್ಟೆ ಇಸಿದುಕೊಂಡು ಸೀಟು ಒರೆಸಿದೆ. ಅದರ ಮೇಲೆ ಅಮ್ಮ ಮನೆಯಿಂದ ತಂದಿದ್ದ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಕುಳಿತಳು. ಹೊರಟೆವು.

ತಿಪಟೂರು ದಾಟುವ ಹೊತ್ತಿಗೆ ವಾಸನೆಗೆ ಮೂಗು ಒಗ್ಗಿತ್ತು. ಅರಸೀಕೆರೆಯ ಹತ್ತಿರ ನನಗೆ ನಮ್ಮೂರಿನ ಟ್ಯಾಕ್ಸಿ ನೆನಪಾಯಿತು. 1970ರ ದಶಕದಲ್ಲಿ ನಾವು ತೀರ್ಥಹಳ್ಳಿಯಲ್ಲಿದ್ದಾಗ ಅಜ್ಜನ ಮನೆಗೆ ಘಟ್ಟ ಇಳಿದು ಹೋಗುವುದೆಂದರೆ ಬಸ್ಸು. ಬಾಣಂತಿಯೋ ಕಾಯಿಲೆಯವರೋ ಇದ್ದರೆ ಮಾತ್ರ ಸ್ಟ್ಯಾಂಡಿನಿಂದ ಅಂಬಾಸಡರ್ ಬರುತ್ತಿತ್ತು. ಅದರ ಯಜಮಾನರೇ ಅದರ ಡ್ರೈವರು. ಊರಿಗೆಲ್ಲ ಅವರು ಡ್ರೈವರಣ್ಣ. ಅವರ ಕಾರಿಗೆ ಹತ್ತುವ ಮೊದಲು ಮಕ್ಕಳು ಚಪ್ಪಲಿಯ ಕೆಸರನ್ನು ಕಲ್ಲಿಗೆ ಉಜ್ಜಬೇಕು. ವಾಂತಿ ಮಾಡುವ ಚರಿತ್ರೆಯುಳ್ಳವರು ಕಿಟಕಿಯ ಪಕ್ಕ. ಸೀಟಿನ ಮೇಲೆ ಕಾಲಿಟ್ಟರೆ ಅಪ್ಪ ಅಮ್ಮನ ಎದುರಿಗೇ ಗದರುತ್ತಿದ್ದರು. ಆಯುಧಪೂಜೆಯ ದಿನ ಅವರು ಕಾರು ತೊಳೆಯುವುದನ್ನು ನೋಡಲು ನಾವು ತುಂಗೆಯ ದಂಡೆಗೆ ಹೋಗುತ್ತಿದ್ದೆವು. ಚಕ್ರ ಬಿಚ್ಚಿ ತೊಳೆಯುತ್ತಿದ್ದರು. ಚಕ್ರ ಬಿಚ್ಚಿದಾಗ ಅದರ ಒಳಗಿನದೂ ಕಣ್ಣಿಗೆ ಬೀಳುತ್ತದೆ ಎನ್ನುವುದು ಆಗ ನನಗೆ ಹೊಳೆದಿರಲಿಲ್ಲ. ತೊಳೆಯುವ ಕೈ, ಓಡಿಸುವ ಕೈ, ರಿಪೇರಿಯ ದುಡ್ಡು ಎಣಿಸುವ ಕೈ ಮೂರೂ ಒಬ್ಬರದೇ. ಆ ಕಾರು ಘಟ್ಟದಲ್ಲಿ ಉರುಳಿದರೆ ಮೊದಲು ಸಾಯುವವರೂ ಅವರೇ ತಾನೆ.

ಆಗುಂಬೆ ಘಾಟಿಯ ತಲೆಯಲ್ಲಿ ಅವರು ಕಾರು ನಿಲ್ಲಿಸುತ್ತಿದ್ದರು. ಇಳಿದು ಬೀಡಿ ಸೇದಿ, ನಿಂತ ಕಾರಿನ ಬ್ರೇಕನ್ನು ಎರಡು ಸಲ ಒತ್ತಿ ನೋಡಿ, ಸ್ಟೀರಿಂಗಿನ ಪಕ್ಕದಲ್ಲಿದ್ದ ಗೇರಿನ ಕೋಲನ್ನು ಎಳೆದು ಎರಡನೆಯದಕ್ಕೆ ಹಾಕಿ, "ಯಾವ ಗೇರಲ್ಲಿ ಹತ್ತುತ್ತೀವೋ ಅದೇ ಗೇರಲ್ಲಿ ಇಳೀಬೇಕು ಸ್ವಾಮಿ" ಎಂದು ಪಕ್ಕದಲ್ಲಿ ಕೂತ ನಮ್ಮ ಅಪ್ಪನಿಗೆ ಪ್ರತಿಸಲವೂ ಹೇಳುತ್ತಿದ್ದರು. ಅಪ್ಪನಿಗೆ ಜನ್ಮದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬರುತ್ತಿರಲಿಲ್ಲ. ಅವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತೇಹೋಯಿತು. ಅದು ಹೋದದ್ದಕ್ಕೆ ನನಗೇನೂ ದುಃಖವಿಲ್ಲ. ಬೇಸಿಗೆಯಲ್ಲಿ ಕುದಿಯುತ್ತಿತ್ತು, ಮಳೆಗಾಲದಲ್ಲಿ ಸೋರುತ್ತಿತ್ತು. ಈ ಬಾಡಿಗೆ ಕಾರು ಯಂತ್ರವಾಗಿ ಅದಕ್ಕಿಂತ ನೂರು ಪಾಲು ಮೇಲು. ಕೇಂದ್ರ ಸರ್ಕಾರ ಮೋಟಾರು ವಾಹನ ಕಾಯ್ದೆಯ 75ನೇ ಸೆಕ್ಷನ್ನಿನ ಅಡಿಯಲ್ಲಿ 1989ರಲ್ಲೇ ಇಂಥ ಕಾರುಗಳಿಗಾಗಿ ಒಂದು ಯೋಜನೆ ಮಾಡಿತು. ಬಾಡಿಗೆಗೆ ಕೊಡುವವರ ಬಳಿ ಕನಿಷ್ಠ 50 ಕಾರುಗಳಿರಬೇಕು ಎಂದು ಅದರಲ್ಲಿ ಬರೆದರು. ಐವತ್ತು ಕಾರು ಇಟ್ಟವನು ಒಂದು ಗ್ಯಾರೇಜು, ನಾಲ್ಕು ಜನ ಮೆಕ್ಯಾನಿಕ್ಕುಗಳನ್ನೂ ಇಟ್ಟಿರುತ್ತಾನೆ ಎಂಬ ಎಣಿಕೆ ಇದ್ದಿರಬೇಕು. ಐವತ್ತು ಕಾರು ಇಟ್ಟವನಿಗೆ ಒಂದೊಂದು ಕಾರಿನ ಮುಖವೂ ನೆನಪಿರುವುದಿಲ್ಲ ಎನ್ನುವುದು ಅವರಿಗೆ ತೋಚಿರಲಿಕ್ಕಿಲ್ಲ. ಬಾಡಿಗೆ ಗಾಡಿಗಳಿಗೆ ಆರ್‌ಟಿಓ ಕಚೇರಿಯ ಫಿಟ್‌ನೆಸ್ ಪರೀಕ್ಷೆ ಇದೆ ನಿಜ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಆದರೆ ಲೆಕ್ಕ ಹಾಕಿ ನೋಡಿ. ದಿನಕ್ಕೆ ಸರಾಸರಿ 200 ಕಿಲೋಮೀಟರ್ ಓಡುವ ಕಾರು ವರ್ಷಕ್ಕೆ 73,000 ಓಡುತ್ತದೆ. ನನ್ನಂಥವನ ಸ್ವಂತದ ಕಾರು ಹತ್ತು ವರ್ಷದಲ್ಲಿ ಸವೆಸುವ ದಾರಿ ಅದು. ಒಂದು ಪರೀಕ್ಷೆಗೂ ಇನ್ನೊಂದಕ್ಕೂ ನಡುವೆ ಆ ಕಾರಿನ ಮೇಲೆ ನೂರಾರು ಕಾಲುಗಳು ಬ್ರೇಕು ತುಳಿದಿರುತ್ತವೆ. ಬ್ರೇಕು ಸ್ವಲ್ಪ ಕೆಳಗಿಳಿದಿದೆಯಲ್ಲ ಎಂದು ಗುರುತಿಸಲು, ಹೋದ ತಿಂಗಳು ಅದು ಎಲ್ಲಿತ್ತು ಎಂದು ತಿಳಿದ ಒಂದು ಕಾಲಾದರೂ ಬೇಕಲ್ಲವೇ? ಅಂಥ ಕಾಲೇ ಅದಕ್ಕಿಲ್ಲ. ಹತ್ತಿದವನು ಹೊಸ ಕಾರು ಹೀಗೇ ಇರಬಹುದು ಅಂದುಕೊಳ್ಳುತ್ತಾನೆ. ಮೂರು ದಿನದಲ್ಲಿ ಅದಕ್ಕೆ ಒಗ್ಗುತ್ತಾನೆ, ನಾಲ್ಕನೆಯ ದಿನ ಕೀಲಿ ಕೊಟ್ಟು ಹೋಗುತ್ತಾನೆ.

ಶಿವಮೊಗ್ಗ ದಾಟಿ ತೀರ್ಥಹಳ್ಳಿಯಲ್ಲಿ ಕಾಫಿ ಕುಡಿದು ಆಗುಂಬೆಗೆ ಬಂದಾಗ ಹೊತ್ತು ಇಳಿದಿತ್ತು. ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ನಿಲ್ಲಿಸಿದೆವು. ಮಂಗಗಳು ಕಾರಿನ ಮೇಲೆ ಹತ್ತಿ, ಕಿಟಕಿಯಿಂದ ಒಳಗೆ ನೋಡಿ, ತಮಗೇನೂ ಹೊಸದಿಲ್ಲವೆಂಬಂತೆ ಇಳಿದುಹೋದವು. ವರ್ಷಕ್ಕೆ 7,000 ಮಿಲಿಮೀಟರು ಮೀರಿ ಮಳೆ ಸುರಿಯುವ ಊರು. ನಾವು ಹೋದದ್ದು ಮಾಘದಲ್ಲಾದ್ದರಿಂದ ಆಕಾಶ ಶುಭ್ರವಾಗಿತ್ತು. ಅಮ್ಮ ಕಾರಿನಿಂದ ಇಳಿಯಲಿಲ್ಲ. "ನೀವು ನೋಡಿ ಬನ್ನಿ, ನಾನು ಹುಟ್ಟಿದ್ದೇ ಇದರ ಕೆಳಗೆ" ಅಂದಳು.

ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವುಗಳು. ಒಂದೊಂದೂ ಬಳೆಯಂತೆ ಸುತ್ತಿಕೊಂಡು ಕೆಳಗಿನ ರಸ್ತೆಗೆ ಬಿಡುತ್ತದೆ. ದೊಡ್ಡ ಲಾರಿಗಳಿಗೆ ಪ್ರವೇಶವಿಲ್ಲ, ಮಿನಿ ಬಸ್ಸುಗಳು ಮಾತ್ರ ಹಾರನ್ ಹಾಕಿಕೊಂಡು ಹತ್ತಿ ಇಳಿಯುತ್ತವೆ. ಅಕ್ಕನ ಮಗ ಬೆಂಗಳೂರಿನ ಸಿಗ್ನಲುಗಳಲ್ಲಿ ಪಳಗಿದ ಡ್ರೈವರು. ಮೂರನೇ ಗೇರಿನಲ್ಲಿ, ಬಲಗಾಲನ್ನು ಬ್ರೇಕಿನ ಮೇಲೇ ಇಟ್ಟುಕೊಂಡು ಇಳಿಯತೊಡಗಿದ. ನಾನು ಪಕ್ಕದಲ್ಲಿ ನನ್ನ ಅಪ್ಪ ಕೂರುತ್ತಿದ್ದಂತೆಯೇ ಗಂಭೀರವಾಗಿ ಕುಳಿತಿದ್ದೆ. ಐದಾರು ತಿರುವು ಕಳೆದ ಮೇಲೆ ಹಿಂದಿನಿಂದ ಅಮ್ಮ, "ಯಾರೋ ಗೋಣಿಚೀಲ ಸುಡ್ತಿದಾರಲ್ಲೋ" ಅಂದಳು. ನಾನು ಕಾಡಿನ ಕಡೆ ನೋಡಿದೆ, ಹೊಗೆಯೇನೂ ಕಾಣಲಿಲ್ಲ. ಮತ್ತೆರಡು ತಿರುವು. ಆಗ ಅವನು ಬಹಳ ಸಣ್ಣ ದನಿಯಲ್ಲಿ, "ಮಾಮಾ, ಬ್ರೇಕು ಒಳಗೆ ಹೋಗ್ತಾ ಇದೆ" ಎಂದ.

ಅವನ ಕಾಲು ನೆಲ ಮುಟ್ಟಿತ್ತು. ಕಾರು ನಿಲ್ಲುವ ಬದಲು ಮುಂದಿನ ತಿರುವಿನ ಕಡೆಗೆ ಜಾರುತ್ತಿತ್ತು. ಕೆಳಗಿನಿಂದ ಮಿನಿ ಬಸ್ಸಿನ ಹಾರನ್. "ಎರಡಕ್ಕೆ ಹಾಕು, ಎರಡಕ್ಕೆ ಹಾಕು" ಎಂದು ನಾನು ಕೂಗಿದ್ದು ನನಗೆ ಆಮೇಲೆ ಗೊತ್ತಾಯಿತು. ಅದು ನನ್ನ ವಿದ್ಯೆಯಲ್ಲ, ಐವತ್ತು ವರ್ಷದ ಹಿಂದಿನ ಡ್ರೈವರಣ್ಣನದು. ಅವನು ಗೇರು ಇಳಿಸಿದ. ಎಂಜಿನ್ನು ಕಿರುಚಿತು, ಕಾರು ಹಿಂದಿನಿಂದ ಯಾರೋ ಹಿಡಿದಂತೆ ತಡೆಯಿತು. ಬ್ರೇಕನ್ನು ಬಿಟ್ಟು ಬಿಟ್ಟು ತುಳಿದ. ಹ್ಯಾಂಡ್ ಬ್ರೇಕನ್ನು ಒಂದೊಂದೇ ಹಲ್ಲು ಎಳೆಯುತ್ತ ಬೆಟ್ಟದ ಬದಿಯ ಚರಂಡಿಗೆ ಎಡಗಡೆಯ ಚಕ್ರಗಳನ್ನು ಇಳಿಸಿದ. ಚಕ್ರ ಮಣ್ಣಿನಲ್ಲಿ ಹೂತು ಕಾರು ನಿಂತಿತು. ಮಿನಿ ಬಸ್ಸಿನವರು ನಮ್ಮ ಪಕ್ಕದಲ್ಲೇ ಹಾದು, ದಾರಿಯ ಮಧ್ಯೆ ನಿಲ್ಲಿಸಿದ್ದಕ್ಕೆ ಬೈದು ಹೋದರು. ಅವರು ಬೈದದ್ದನ್ನು ಕೇಳಲು ನಾವು ಇದ್ದೆವಲ್ಲ ಎಂದು ನನಗೆ ಸಂತೋಷವೇ ಆಯಿತು.

"ಯಾಕೋ ನಿಲ್ಲಿಸಿದೆ? ಸೋಮೇಶ್ವರ ಇನ್ನೂ ಬಂದಿಲ್ಲವಲ್ಲ" ಎಂದಳು ಅಮ್ಮ.

ಮುಂದಿನ ಚಕ್ರದಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಮುಕ್ಕಾಲು ಗಂಟೆ ಕತ್ತಲೆಯಲ್ಲಿ ಕುಳಿತೆವು. ಚಕ್ರ ತಣಿದ ಮೇಲೆ, ಯಾರೂ ಏನೂ ಮಾಡದಿದ್ದರೂ, ಬ್ರೇಕು ತಾನಾಗಿ ಗಟ್ಟಿಯಾಯಿತು. ದಾರಿಹೋಕರೊಬ್ಬರು ಬೈಕು ನಿಲ್ಲಿಸಿ ಕಾರನ್ನು ಚರಂಡಿಯಿಂದ ಎತ್ತಲು ಕೈ ಕೊಟ್ಟರು. ಉಳಿದ ತಿರುವುಗಳನ್ನು ಒಂದನೇ ಗೇರಿನಲ್ಲಿ, ನಡೆದುಕೊಂಡು ಹೋಗುವವರ ವೇಗದಲ್ಲಿ ಇಳಿದೆವು.

ಮಾರನೆಯ ದಿನ ಭಾನುವಾರ. ಹೆಬ್ರಿಯ ಮೆಕ್ಯಾನಿಕ್ ಒಬ್ಬರು ರಜೆಯಾದರೂ ಮನೆಗೇ ಬಂದು ಮುಂದಿನ ಚಕ್ರ ಬಿಚ್ಚಿದರು. ಬ್ರೇಕಿನ ಪ್ಯಾಡು ಉಗುರಿನಷ್ಟು ದಪ್ಪ ಉಳಿದಿತ್ತು. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯೊಳಗೆ ಬಿಳಿ ಬಟ್ಟೆಯ ತುದಿ ಅದ್ದಿ ತೋರಿಸಿದರು, ಕಾಫಿ ಡಿಕಾಕ್ಷನ್ನಿನ ಬಣ್ಣ. ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಾವು ಪೆಡಲು ತುಳಿದಾಗ ಆ ಒತ್ತಡವನ್ನು ಚಕ್ರಕ್ಕೆ ಒಯ್ಯುವುದು ಈ ದ್ರವ. ಆಯಿಲ್ ಎನ್ನುತ್ತೇವಾದರೂ ಅದು ಎಣ್ಣೆಯಲ್ಲ. ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಬ್ಬಿಯ ಮೇಲೆ 'ಡಾಟ್ 3' ಎಂದು ಬರೆದ ದ್ರವ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಸೇರಿದ ಮೇಲೆ ಅದೇ ಮಟ್ಟ 140ಕ್ಕೆ ಇಳಿಯುತ್ತದೆ. ಘಟ್ಟದಲ್ಲಿ ಒಂದೇ ಸಮ ಬ್ರೇಕು ಒತ್ತಿದರೆ ಆ ಶಾಖ ಏನೂ ದೊಡ್ಡದಲ್ಲ. ಕುದಿದಾಗ ಒಳಗೆ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಗುಳ್ಳೆಯನ್ನು ಅದುಮಬಹುದು. ತುಳಿದದ್ದೆಲ್ಲ ಗುಳ್ಳೆಯಲ್ಲೇ ಕರಗಿ ಪೆಡಲು ನೆಲಕ್ಕೆ ಹೋಗುತ್ತದೆ. ತಣಿದರೆ ಗುಳ್ಳೆಯೂ ಇಲ್ಲ, ಸಾಕ್ಷಿಯೂ ಇಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ ವಸ್ತು, ಖರ್ಚು ಹೆಚ್ಚೇನಲ್ಲ. "ಮಗನದೂ ತಪ್ಪುಂಟು ಸಾರ್, ಬ್ರೇಕಲ್ಲೇ ಇಳ್ದಿದ್ದಾರೆ. ಆದ್ರೆ ಗಾಡಿ ಸರಿ ಇದ್ದಿದ್ರೆ ಇಷ್ಟು ಆಗ್ತಿರ್ಲಿಲ್ಲ" ಎಂದರು. ನ್ಯಾಯವಾದ ತೀರ್ಪು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆಂದು ತೋರಿಸಿಕೊಟ್ಟವರೂ ಅವರೇ. ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 2217 ಎಂದಿತ್ತು, ಅಂದರೆ 2017ರ ಇಪ್ಪತ್ತೆರಡನೇ ವಾರದಲ್ಲಿ ಹುಟ್ಟಿದ ಟೈರು. ಅದರ ಗೀರುಗಳ ನಡುವೆ ಒಂದು ಸಣ್ಣ ಏಣು ಇರುತ್ತದೆ. ಟೈರು ಸವೆದು ಆ ಏಣಿನ ಸಮಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರು, ಕಾನೂನಿನ ಕೊನೆಯ ಗಡಿ. ನಮ್ಮದು ಗಡಿ ಮುಟ್ಟಿ ನಿಂತಿತ್ತು.

ಪ್ಯಾಡು ಉಡುಪಿಯಿಂದ ಬರಬೇಕು, ಸೋಮವಾರ ಆಗುತ್ತದೆ ಎಂದರು. ಕಾರಿನ ಕಂಪನಿಗೆ ಫೋನು ಮಾಡಿದೆವು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಂದು ವಿನಯದ ದನಿ ಬಂತು. ತಮ್ಮ ಅನುಮತಿಯಿಲ್ಲದೆ ಹೊರಗೆ ರಿಪೇರಿ ಮಾಡಿಸುವಂತಿಲ್ಲ, ಮಾಡಿಸಿದರೆ ಹಣ ಕೊಡುವುದಿಲ್ಲ, ಕಾರನ್ನು ಅಲ್ಲೇ ಬಿಟ್ಟರೆ ಎಳೆದು ತರುವ ವೆಚ್ಚ ನಿಮ್ಮದು ಎಂದು ಅದು ತಿಳಿಸಿತು. "ಹತ್ತುವಾಗ ಬ್ರೇಕಿಗೆ ಕೆಲಸ ಕಮ್ಮಿ. ನಿಧಾನ ಹೋಗಿ. ಆದ್ರೆ ಇದ್ರಲ್ಲಿ ಇನ್ನೊಂದ್ಸಲ ಘಟ್ಟ ಇಳೀಬೇಡಿ, ಯಾರನ್ನೂ ಇಳಿಸ್ಬೇಡಿ" ಎಂದರು ಮೆಕ್ಯಾನಿಕ್. ಕೂಲಿ ಕೊಡಹೋದರೆ, ರಿಪೇರಿಯನ್ನೇ ಮಾಡಲಿಲ್ಲವಲ್ಲ ಎಂದು ತೆಗೆದುಕೊಳ್ಳಲಿಲ್ಲ.

ಅಮ್ಮ ಅಲ್ಲೇ ಉಳಿದಳು. ಅಕ್ಕತಂಗಿಯರಿಬ್ಬರೂ ಅದಕ್ಕೆ ಕಾರಣ ಬ್ರೇಕೇ ಆದರೂ ಅಡ್ಡಿಯಿಲ್ಲ ಎಂಬಷ್ಟು ಸಂತೋಷದಲ್ಲಿದ್ದರು. ನಾವಿಬ್ಬರೂ ಅದೇ ಕಾರಿನಲ್ಲಿ ಬೆಂಗಳೂರಿಗೆ ಬಂದೆವು. ಹಾಗೆ ಬಂದದ್ದು ಬುದ್ಧಿವಂತಿಕೆ ಎಂದು ನಾನು ಹೇಳುವುದಿಲ್ಲ.

ರಾತ್ರಿ ಹತ್ತಕ್ಕೆ ಖಾಲಿ ನಿವೇಶನದಲ್ಲಿ ಅದೇ ಹುಡುಗ ಟಾರ್ಚು ಹಿಡಿದು ಕಾಯುತ್ತಿದ್ದ. ಕಾರಿನ ಸುತ್ತ ಬಂದ, ಒಳಗೆ ಬೆಳಕು ಬಿಟ್ಟ. ಹಿಂದಿನ ಸೀಟಿನ ಕೆಳಗೆ ಅಮ್ಮನ ಚಕ್ಕುಲಿಯ ಪುಡಿಯೂ ಚರಂಡಿಯ ಮಣ್ಣೂ ಬಿದ್ದಿದ್ದವು. "ಗಲೀಜಾಗಿದೆ ಸಾರ್. ಕ್ಲೀನಿಂಗ್ ಚಾರ್ಜು ಐನೂರು ಬೀಳತ್ತೆ" ಎಂದ. ನನಗೆ ಸಿಟ್ಟು ಬರುವ ಮೊದಲು ನಗು ಬಂತು. ಬ್ರೇಕಿನ ವಿಷಯ ಪೂರ್ತಿ ಹೇಳಿದೆ. ಅವನು ಕೇಳಿಸಿಕೊಂಡ. "ನಂಗೆ ಬರೀ ಗೀಟು, ಕಲೆ ನೋಡೋಕೆ ಹೇಳಿರೋದು ಸಾರ್. ಬ್ರೇಕೆಲ್ಲ ಆಪ್‌ನಲ್ಲಿ ಬರೀರಿ" ಎಂದ. ಅವನನ್ನು ಏನೆಂದು ಬೈಯುವುದು? ಅಕ್ಕನ ಮಗ ಬರೆದ. ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು ಎಂದು ಆ ಕ್ಷಣವೇ ಉತ್ತರ ಬಂತು. ಮನುಷ್ಯರಾರೂ ಅಷ್ಟು ಬೇಗ ಓದುವುದಿಲ್ಲ.

ಮನೆಗೆ ಬಂದು ಮಲಗಿದೆ. ಠೇವಣಿ ವಾಪಸು ಬಂದಿದೆಯೆಂದು, ಐನೂರು ಮುರಿದುಕೊಂಡಿದ್ದಾರೆಂದು ಅಕ್ಕನ ಮಗ ಫೋನು ಮಾಡಿದ. ವ್ಯವಹಾರ ಮುಗಿದಿತ್ತು. ನಿದ್ದೆ ಮಾತ್ರ ಬರಲಿಲ್ಲ. ಯಾರನ್ನೂ ಇಳಿಸಬೇಡಿ ಎಂದಿದ್ದರಲ್ಲ ಆ ಮೆಕ್ಯಾನಿಕ್. ಅಮ್ಮನ ಚೀಲದಲ್ಲಿದ್ದ ಹಳದಿ ಕಾಲುಚೀಲ ನೆನಪಾಯಿತು. ಆ ಮಗುವನ್ನು ಕೂರಿಸಿಕೊಂಡು ಹೋದವರೂ ಇದೇ ಬ್ರೇಕು ತುಳಿದಿರಬೇಕು, ನಮಗಿಂತ ಮೊದಲು.

ಬೆಳಿಗ್ಗೆ ಏಳಕ್ಕೇ ಆಟೋ ಹಿಡಿದು ಆ ನಿವೇಶನಕ್ಕೆ ಹೋದೆ. ನಮ್ಮ ಕಾರು ಗೇಟಿನ ಹತ್ತಿರವೇ ನಿಂತಿತ್ತು. ಮೊದಲು ನನಗೆ ಗುರುತೇ ಸಿಗಲಿಲ್ಲ. ಅಷ್ಟು ಚೆನ್ನಾಗಿ ತೊಳೆದಿದ್ದರು. ಟೈರಿಗೆ ಕಪ್ಪು ಹೊಳಪು ಬಳಿದಿದ್ದರು, ಕನ್ನಡಿಗೆ ಹೊಸ ಪರಿಮಳದ ಡಬ್ಬಿ ಕಟ್ಟಿದ್ದರು, ಹಿಂದಿನ ಗಾಜಿನ ಮೇಲಿನ ಮನೆ ಹೊಗೆಕೊಳವೆಯ ಸಮೇತ ಅಳಿಸಿಹೋಗಿತ್ತು. ನಮ್ಮ ಐನೂರು ರೂಪಾಯಿ ವ್ಯರ್ಥವಾಗಿರಲಿಲ್ಲ. ಮೂವತ್ತರ ಆಸುಪಾಸಿನ ಒಬ್ಬರು ಡಿಕ್ಕಿಯಲ್ಲಿ ಸೂಟ್‌ಕೇಸು ಇಡುತ್ತಿದ್ದರು. ಅವರ ಹೆಂಡತಿ ಹಿಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಎಲ್ಲಿಗೆಂದು ಕೇಳಿದೆ. ಊಟಿಗೆ ಎಂದರು.

ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಘಟ್ಟದ ಕತೆಯನ್ನೂ ಹೇಳಿದೆ. ಬೆಳಿಗ್ಗೆ ಏಳು ಗಂಟೆಗೆ ಅಪರಿಚಿತ ಮುದುಕನೊಬ್ಬ ಬಂದು ನಿಮ್ಮ ಬ್ರೇಕು ಸರಿಯಿಲ್ಲ ಎಂದರೆ ಯಾರಿಗಾದರೂ ಏನನ್ನಿಸೀತು ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಆದರೂ ಮರ್ಯಾದಸ್ಥರು. ಮುಂದಿನ ಬಾಗಿಲು ತೆರೆದು ಕಾಲು ಚಾಚಿ ಬ್ರೇಕನ್ನು ಎರಡು ಸಲ ಒತ್ತಿ ನೋಡಿದರು. ರಾತ್ರಿಯಿಡೀ ತಣ್ಣಗೆ ನಿಂತಿದ್ದ ಕಾರು, ಪೆಡಲು ಕಲ್ಲಿನಂತೆ ನಿಂತಿತು.

"ಗಟ್ಟಿಯಾಗೇ ಇದೆಯಲ್ಲ ಸಾರ್" ಎಂದರು. "ಕಾರೂ ಎಷ್ಟು ಕ್ಲೀನಾಗಿದೆ ನೋಡಿ."

ಗುಳ್ಳೆಯ ವಿಷಯ ಹೇಳಹೊರಟೆ. ಮೆಕ್ಯಾನಿಕ್ ಹೇಳಿದಷ್ಟು ಚೆನ್ನಾಗಿ ನನಗೆ ಹೇಳಲು ಬರಲಿಲ್ಲ. ಹುಡುಗ ನನ್ನನ್ನೂ ಅವರನ್ನೂ ನೋಡುತ್ತ ಬಟ್ಟೆ ಹಿಂಡುತ್ತ ನಿಂತಿದ್ದ. ಕೊನೆಗೆ ಬಾನೆಟ್ ತೆಗೆಸಿ, ನನ್ನ ಕರವಸ್ತ್ರದ ತುದಿಯನ್ನು ಆ ಡಬ್ಬಿಯಲ್ಲಿ ಅದ್ದಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ ಏನೂ ಅರ್ಥವಾಗದೆ ಹೆಂಡತಿಗೆ ದಾಟಿಸಿದರು. ಆಕೆ ಆ ಕಪ್ಪನ್ನು ನೋಡಿದರು, ನನ್ನನ್ನು ನೋಡಿದರು. ಮಗುವನ್ನು ಎತ್ತಿಕೊಂಡು ಕಾರಿನಿಂದ ಇಳಿದರು.

"ಬೇರೆ ಕಾರು ಇದೆಯೇನಪ್ಪಾ?" ಎಂದು ಹುಡುಗನನ್ನು ಕೇಳಿದರು.

"ಒಂದಿದೆ ಮೇಡಂ. ಆದ್ರೆ ಅದು ತೊಳ್ದಿಲ್ಲ, ತುಂಬ ಗಲೀಜಿದೆ."

"ಇರ್ಲಿ, ಅದರ ಬಾನೆಟ್ ತೆಗಿ ಮೊದ್ಲು" ಎಂದರು ಆಕೆ. ಕರವಸ್ತ್ರದ ಇನ್ನೊಂದು ತುದಿ ಬೆಳ್ಳಗೆ ಉಳಿದಿದೆಯೇ ಎಂದು ಹುಡುಕುತ್ತ ಮುಂದೆ ಹೋದರು.